ಡಿವೋರ್ಸ್‌ಗೆ ಯಾವ ದಾರಿ, ಯಾವ ಕಾಗದ, ಯಾರಿಂದ ಬರೆಸಬೇಕು

ಡಿವೋರ್ಸ್‌ಗೆ ಏನೇನು ಡಾಕ್ಯುಮೆಂಟ್ ಬೇಕು ಅಂತ ತುಂಬಾ ಜನ ಕೇಳುತ್ತಾರೆ. ಅದಕ್ಕೆ ಒಂದೇ ಪಟ್ಟಿ ಕೊಡಲು ಆಗುವುದಿಲ್ಲ. ಇಬ್ಬರೂ ಒಪ್ಪಿ ಹಾಕುವ ಅರ್ಜಿಗೆ ಬೇಕಾದ ಕಾಗದವೇ ಬೇರೆ, ಒಬ್ಬರು ಹಾಕಿ ಇನ್ನೊಬ್ಬರು ವಿರೋಧಿಸುವ ಕೇಸಿಗೆ ಬೇಕಾದದ್ದೇ ಬೇರೆ. ಮೊದಲು ದಾರಿ ಆರಿಸಿ, ಆಮೇಲೆ ಕಾಗದ ಹುಡುಕಿ. ಈ ಕ್ರಮ ತಪ್ಪಿದರೆ ಫೈಲ್ ದಪ್ಪ ಆಗುತ್ತದೆ, ಕೆಲಸ ಮುಂದೆ ಹೋಗುವುದಿಲ್ಲ.

ಅದಕ್ಕೂ ಮೊದಲು ಒಂದು ಎಚ್ಚರಿಕೆ. ಛಾಪಾ ಕಾಗದದ ಮೇಲೆ "ಇಂದಿನಿಂದ ನಾವು ಬೇರೆ" ಅಂತ ಬರೆಸಿ, ಇಬ್ಬರೂ ಸಹಿ ಹಾಕಿ, ನೋಟರಿ ಸೀಲ್ ಹಾಕಿಸಿಕೊಂಡು ಡಿವೋರ್ಸ್ ಆಯಿತು ಅಂದುಕೊಂಡವರು ಬೆಂಗಳೂರಿನಲ್ಲಿ ಈಗಲೂ ಇದ್ದಾರೆ. ಆಗಿಲ್ಲ. ತಮ್ಮ ಸಮುದಾಯದಲ್ಲಿ ಹಳೆಯ ಕಾಲದಿಂದ ನಡೆದುಬಂದ ವಿಚ್ಛೇದನ ಪದ್ಧತಿ ಇದೆ ಅಂತ ಕೋರ್ಟಿನಲ್ಲಿ ಸಾಬೀತು ಮಾಡಬಲ್ಲವರನ್ನು ಬಿಟ್ಟರೆ, ಹಿಂದೂ ವಿವಾಹ ಕಾಯ್ದೆಯ ಅಡಿ ಬರುವವರಿಗೆ ಕೋರ್ಟಿನ ಡಿಕ್ರಿಯೇ, ಅಂದರೆ ಕೋರ್ಟಿನ ಅಂತಿಮ ಆದೇಶವೇ ಬೇಕು. ಅಂಥ ನೋಟರಿ ಕಾಗದ ನಂಬಿ ಇನ್ನೊಂದು ಮದುವೆ ಆದರೆ ಆ ಮದುವೆ ನಿಲ್ಲುವುದಿಲ್ಲ, ಜೊತೆಗೆ ಕ್ರಿಮಿನಲ್ ಕೇಸಿಗೂ ದಾರಿಯಾಗುತ್ತದೆ.

ಇಲ್ಲಿ ಹೇಳುವುದು ಹೆಚ್ಚಾಗಿ 1955ರ ಹಿಂದೂ ವಿವಾಹ ಕಾಯ್ದೆಯ ಮೇಲೆ. ಜೈನರು, ಬೌದ್ಧರು, ಸಿಖ್ಖರು ಕೂಡ ಅದರಲ್ಲೇ ಬರುತ್ತಾರೆ. ವೀರಶೈವ, ಲಿಂಗಾಯತ ಅಂತ ಕಾಯ್ದೆಯಲ್ಲೇ ಹೆಸರಿಸಿ ಹೇಳಿದೆ. ರಿಜಿಸ್ಟರ್ ಮದುವೆ ಆದವರು ತಮ್ಮ ಸರ್ಟಿಫಿಕೇಟ್ ತೆಗೆದು ಯಾವ ಕಾಯ್ದೆ ಅಂತ ಬರೆದಿದೆ ನೋಡಿ. 1954ರ ವಿಶೇಷ ವಿವಾಹ ಕಾಯ್ದೆ ಅಂತಿದ್ದರೆ ಅರ್ಜಿ ಆ ಕಾಯ್ದೆಯ ಸೆಕ್ಷನ್ 27 ಅಥವಾ 28ರ ಅಡಿ ಹೋಗಬೇಕು. ಕ್ರೈಸ್ತರಿಗೆ 1869ರ ವಿಚ್ಛೇದನ ಕಾಯ್ದೆ ಇದೆ. ಮುಸ್ಲಿಮರಿಗೆ ವೈಯಕ್ತಿಕ ಕಾನೂನಿನ ಜೊತೆಗೆ, ಹೆಂಡತಿ ಕೋರ್ಟಿಗೆ ಹೋಗಲು 1939ರ ಕಾಯ್ದೆ ಇದೆ. ಕಾಯ್ದೆ ಬೇರೆಯಾದರೂ ಬೆಂಗಳೂರು ನಗರದಲ್ಲಿ ಹೋಗುವ ಜಾಗ ಕೌಟುಂಬಿಕ ನ್ಯಾಯಾಲಯವೇ, ಎಚ್. ಸಿದ್ದಯ್ಯ ರಸ್ತೆಯ ನ್ಯಾಯದೇಗುಲದಲ್ಲಿ.

ಏನನ್ನು ನೋಡಿ ತೀರ್ಮಾನಿಸಬೇಕು

ದಾರಿ ಆರಿಸುವ ಮೊದಲು ಒಂದು ಹಾಳೆ ತಗೊಂಡು ಇಷ್ಟು ಬರೆದಿಡಿ. ನಿಮ್ಮಿಬ್ಬರಲ್ಲಿ ಒಪ್ಪಿಗೆ ಎಷ್ಟರ ಮಟ್ಟಿಗೆ ಇದೆ: ಬೇರೆ ಆಗುವುದಕ್ಕೆ ಮಾತ್ರವಾ, ಅಥವಾ ಹಣ, ಮಕ್ಕಳು, ಮನೆ ಎಲ್ಲದಕ್ಕೂ ಇದೆಯಾ? ಬೇರೆ ಬೇರೆಯಾಗಿ ಇದ್ದು ಎಷ್ಟು ಕಾಲ ಆಯಿತು? ಇಬ್ಬರ ಹೆಸರಲ್ಲಿ ಆಸ್ತಿ, ಸಾಲ ಇದೆಯಾ? ವಕೀಲರಿಗೆ ಎಷ್ಟು ಖರ್ಚು ಮಾಡಬಲ್ಲಿರಿ, ಎಷ್ಟು ವರ್ಷ ಕಾಯಬಲ್ಲಿರಿ? ನಿಮಗೆ ಅಥವಾ ಮಕ್ಕಳಿಗೆ ಮನೆಯಲ್ಲಿ ಭಯ ಇದೆಯಾ? ಜನ ಮರೆಯುವ ಇನ್ನೊಂದು ವಿಷಯವೂ ಇದೆ: ಇವತ್ತು ಸಹಿ ಮಾಡುವ ಕಾಗದ ಐದು ವರ್ಷ ಆದಮೇಲೆ ಬ್ಯಾಂಕಿನಲ್ಲಿ, ಸ್ಕೂಲಿನಲ್ಲಿ, ಪಾಸ್‌ಪೋರ್ಟ್ ಆಫೀಸಿನಲ್ಲಿ ನಡೆಯುತ್ತದಾ?

ಭಯ ಇದ್ದರೆ ಉಳಿದ ಪ್ರಶ್ನೆಗಳನ್ನು ಪಕ್ಕಕ್ಕಿಡಿ. ಮೊದಲು ಸುರಕ್ಷತೆ. 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆಯಲ್ಲಿ ಹೆಣ್ಣುಮಕ್ಕಳು ಮ್ಯಾಜಿಸ್ಟ್ರೇಟ್ ಕೋರ್ಟಿನಿಂದ ರಕ್ಷಣೆ, ಅದೇ ಮನೆಯಲ್ಲಿ ಇರುವ ಹಕ್ಕು, ಜೀವನಾಂಶ ಕೇಳಬಹುದು. ಅದಕ್ಕೆ ಡಿವೋರ್ಸ್ ಅರ್ಜಿ ಹಾಕಿರಲೇಬೇಕು ಅಂತಿಲ್ಲ. ಸಹಾಯಕ್ಕೆ 181, ತುರ್ತಿಗೆ 112.

ಯಾವ ದಾರಿಯಾದರೂ ಬೇಕಾಗುವ ಕಾಗದ

ಮದುವೆ ಆಗಿದೆ ಅನ್ನುವುದಕ್ಕೆ ಪುರಾವೆ: ಮದುವೆ ಸರ್ಟಿಫಿಕೇಟ್, ಅದಿಲ್ಲದಿದ್ದರೆ ಲಗ್ನಪತ್ರಿಕೆ, ಇಬ್ಬರೂ ಕಾಣುವ ಮದುವೆ ಫೋಟೋ. ರಿಜಿಸ್ಟರ್ ಮಾಡಿಸಿಲ್ಲ ಅಂತ ಹಿಂದೂ ಮದುವೆ ಬಿದ್ದುಹೋಗುವುದಿಲ್ಲ, ಡಿವೋರ್ಸಿಗೂ ಅದು ಅಡ್ಡಿ ಆಗುವುದಿಲ್ಲ. ಅದರ ಜೊತೆಗೆ ಇಬ್ಬರ ಆಧಾರ್, ವಿಳಾಸದ ದಾಖಲೆ, ಫೋಟೋ, ಮಕ್ಕಳಿದ್ದರೆ ಅವರ ಜನನ ಪ್ರಮಾಣಪತ್ರ. ವಕೀಲರಿಗೆ ಸಹಿ ಮಾಡಿಕೊಡುವ ವಕಾಲತ್ತು, ಅರ್ಜಿಯಲ್ಲಿ ಬರೆದದ್ದು ನಿಜ ಅಂತ ಹೇಳುವ ಅಫಿಡವಿಟ್. ಕೋರ್ಟ್ ಫೀ ಸಣ್ಣ ಮೊತ್ತ, ಅದು ನಿಮ್ಮ ಆಸ್ತಿಯ ಬೆಲೆ ನೋಡಿ ಏರುವುದಿಲ್ಲ. ಖರ್ಚು ಇರುವುದು ವಕೀಲರ ಫೀಸಿನಲ್ಲಿ.

ಬೆಂಗಳೂರಿನಲ್ಲೇ ಹಾಕಬಹುದಾ ಅನ್ನುವುದು ಇಲ್ಲಿ ಬಹಳ ಜನರ ಪ್ರಶ್ನೆ. ಮದುವೆ ಹಾಸನದಲ್ಲೋ ಹುಬ್ಬಳ್ಳಿಯಲ್ಲೋ ಆಗಿರುತ್ತದೆ, ಸಂಸಾರ ಇಲ್ಲಿ. ಮದುವೆ ನಡೆದ ಊರು, ಇಬ್ಬರೂ ಕೊನೆಗೆ ಒಟ್ಟಿಗೆ ಇದ್ದ ಊರು, ಎದುರು ಪಕ್ಷದವರು ಈಗ ಇರುವ ಊರು, ಇವುಗಳಲ್ಲಿ ಯಾವುದಾದರೂ ಆಗುತ್ತದೆ. ಅರ್ಜಿ ಹಾಕುವುದು ಹೆಂಡತಿ ಆದರೆ ಆಕೆ ಈಗ ಇರುವ ಊರೂ ನಡೆಯುತ್ತದೆ. ಆ ಊರಿನ ವಿಳಾಸ ತೋರಿಸಲು ಬಾಡಿಗೆ ಕರಾರು ಅಥವಾ ಕರೆಂಟ್ ಬಿಲ್ ಇಟ್ಟುಕೊಂಡಿರಿ.

ದಾರಿಗಳು

ಪರಸ್ಪರ ಒಪ್ಪಿಗೆ, ಸೆಕ್ಷನ್ 13ಬಿ. ಸಾಧ್ಯ ಇದ್ದವರೆಲ್ಲ ಇದನ್ನೇ ಆರಿಸಿ ಅಂತ ನಾನು ಹೇಳುತ್ತೇನೆ. ಅರ್ಜಿ ಹಾಕುವ ಹೊತ್ತಿಗೆ ಕನಿಷ್ಠ ಒಂದು ವರ್ಷ ಬೇರೆಯಾಗಿ ಬಾಳಿರಬೇಕು. ಬೇರೆ ಅಂದರೆ ಬೇರೆ ಮನೆಯೇ ಆಗಬೇಕಿಲ್ಲ. ಒಂದೇ ಸೂರಿನ ಕೆಳಗಿದ್ದರೂ ಗಂಡ ಹೆಂಡತಿಯಾಗಿ ಬಾಳುತ್ತಿಲ್ಲದಿದ್ದರೆ ಅದೂ ಬೇರೆ ಅಂತ ಸುಪ್ರೀಂ ಕೋರ್ಟ್ 1991ರಲ್ಲೇ ಹೇಳಿದೆ. ಎರಡು ಮನೆ ಬಾಡಿಗೆ ಕಟ್ಟಲು ಆಗದವರಿಗೆ ಇದು ದೊಡ್ಡ ಅನುಕೂಲ. ಅರ್ಜಿ ಹಾಕಿದ ಮೇಲೆ ಆರು ತಿಂಗಳು ಬಿಟ್ಟು, 18 ತಿಂಗಳ ಒಳಗೆ ಇಬ್ಬರೂ ಮತ್ತೆ ಬಂದು ಒಪ್ಪಿಗೆ ಹೇಳಬೇಕು. ಆ ಆರು ತಿಂಗಳನ್ನು ಕೋರ್ಟ್ ಮನ್ನಾ ಮಾಡಬಹುದು ಅಂತ 2017ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಆದರೆ ಅದು ತಾನಾಗೇ ಸಿಗುವುದಿಲ್ಲ. ಅರ್ಜಿಗೆ ಮೊದಲೇ ಸುಮಾರು ಒಂದೂವರೆ ವರ್ಷ ಬೇರೆ ಇದ್ದವರು, ರಾಜಿಗೆ ಪ್ರಯತ್ನಪಟ್ಟು ಆಗದೆ ಹೋದವರು, ಜೀವನಾಂಶ ಮತ್ತು ಮಕ್ಕಳ ವಿಷಯ ಪೂರ್ತಿ ಬಗೆಹರಿಸಿಕೊಂಡವರು ಪ್ರತ್ಯೇಕ ಅರ್ಜಿ ಹಾಕಿ ಕೇಳಬೇಕು. ಕಾಗದ ಕಡಿಮೆ, ಬೈದಾಟ ಇಲ್ಲ, ಅಂಗಳದ ವಿಷಯ ಕೋರ್ಟ್ ಹಾಲಿನಲ್ಲಿ ಹರಡುವುದಿಲ್ಲ. ಇದರ ದೊಡ್ಡ ದೌರ್ಬಲ್ಯ ಒಂದೇ: ಡಿಕ್ರಿ ಆಗುವವರೆಗೆ ಒಬ್ಬರು ಒಪ್ಪಿಗೆ ವಾಪಸ್ ತಗೊಳ್ಳಬಹುದು. ಹಾಗಾಗಿ ಹಣ ಯಾವಾಗ ಕೈ ಬದಲಾಯಿಸುತ್ತದೆ ಅನ್ನುವುದನ್ನು ಯೋಚಿಸಿ ಬರೆಸಬೇಕು. ಅದಕ್ಕೆ ಮುಂದೆ ಬರುತ್ತೇನೆ.

ವಿರೋಧದ ಕೇಸು, ಸೆಕ್ಷನ್ 13. ಇನ್ನೊಬ್ಬರು ಒಪ್ಪದಿದ್ದಾಗ ಇದು ಬೇಕೇ ಬೇಕು. ಕ್ರೌರ್ಯ, ಬೇರೆಯವರ ಜೊತೆ ಸಂಬಂಧ, ಎರಡು ವರ್ಷ ಬಿಟ್ಟುಹೋಗಿರುವುದು, ಮತಾಂತರ, ಏಳು ವರ್ಷ ಪತ್ತೆಯೇ ಇಲ್ಲದಿರುವುದು, ಇಂಥ ಯಾವುದಾದರೂ ಕಾರಣ ಹೇಳಿ ಸಾಬೀತು ಮಾಡಬೇಕು. "ಹೊಂದಾಣಿಕೆ ಆಗುತ್ತಿಲ್ಲ" ಅನ್ನುವುದು ಒಂದೇ ಕಾರಣ ಆದರೆ ಕೌಟುಂಬಿಕ ನ್ಯಾಯಾಲಯದಲ್ಲಿ ಸಾಲದು. ಮದುವೆ ಸರಿಪಡಿಸಲಾಗದಷ್ಟು ಮುರಿದಿದೆ ಅಂತ ಡಿವೋರ್ಸ್ ಕೊಡುವ ಅಧಿಕಾರ ಸಂವಿಧಾನದ 142ನೇ ವಿಧಿಯಲ್ಲಿ ಸುಪ್ರೀಂ ಕೋರ್ಟಿಗೆ ಇದೆ ಅಂತ 2023ರಲ್ಲಿ ತೀರ್ಪು ಬಂತು. ಅದು ಸುಪ್ರೀಂ ಕೋರ್ಟಿಗೆ ಮಾತ್ರ. ಆ ಸುದ್ದಿ ಓದಿ ಇಲ್ಲೂ ಹಾಗೇ ಆಗುತ್ತದೆ ಅಂತ ಕಾಯಬೇಡಿ.

ಇಲ್ಲಿ ಕಾಗದ ಅಂದರೆ ಸಾಕ್ಷಿ. ಆಸ್ಪತ್ರೆಯ ಚೀಟಿ, ಪೊಲೀಸ್ ಠಾಣೆಯಲ್ಲಿ ಕೊಟ್ಟ ದೂರಿನ ಸ್ವೀಕೃತಿ, ಮೆಸೇಜ್, ಇಮೇಲ್, ಬ್ಯಾಂಕ್ ವಹಿವಾಟು. ವಾಟ್ಸಾಪ್ ಸ್ಕ್ರೀನ್‌ಶಾಟ್ ಸುಮ್ನೆ ಪ್ರಿಂಟ್ ತೆಗೆದು ಕೊಟ್ಟರೆ ಆಗಲ್ಲ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ ಸೆಕ್ಷನ್ 63ರ ಪ್ರಕಾರ ಅದರ ಜೊತೆ ಒಂದು ಪ್ರಮಾಣಪತ್ರ ಬೇಕು. ಮೂಲ ಫೋನನ್ನು ಮಾರಬೇಡಿ, ಫಾರ್ಮ್ಯಾಟ್ ಮಾಡಬೇಡಿ. ಆಮೇಲೆ ಎದುರು ಪಕ್ಷದ ಆಕ್ಷೇಪಣೆ, ನಿಮ್ಮ ಸಾಕ್ಷ್ಯ, ಪಾಟಿ ಸವಾಲು. ವರ್ಷಗಳೇ ಹಿಡಿಯುತ್ತವೆ, ಪ್ರತಿ ದಿನಾಂಕಕ್ಕೂ ರಜೆ ಹಾಕಿ ಹೋಗಬೇಕಾಗಬಹುದು. ಆದರೆ ಕೇಸ್ ನಡೆಯುತ್ತಿರುವಾಗಲೇ ಸೆಕ್ಷನ್ 24ರಲ್ಲಿ ಮಧ್ಯಂತರ ಜೀವನಾಂಶ ಕೇಳಬಹುದು. ದುಡಿಮೆ ಇಲ್ಲದವರಿಗೆ, ಮಕ್ಕಳನ್ನು ಒಬ್ಬರೇ ಸಾಕುತ್ತಿರುವವರಿಗೆ ಇದೇ ಆಧಾರ. ಅದಕ್ಕೆ ಇಬ್ಬರೂ ತಮ್ಮ ಆದಾಯ, ಆಸ್ತಿ, ಸಾಲದ ವಿವರದ ಅಫಿಡವಿಟ್ ಕೊಡಲೇಬೇಕು ಅಂತ 2020ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಸಂಬಳದ ಚೀಟಿ, ಫಾರ್ಮ್ 16, ಐಟಿ ರಿಟರ್ನ್, ಬ್ಯಾಂಕ್ ಸ್ಟೇಟ್‌ಮೆಂಟ್ ಈಗಲೇ ತೆಗೆದಿಡಿ. ಜಂಟಿ ಖಾತೆಯ ಪಾಸ್‌ವರ್ಡ್ ಬದಲಾದ ಮೇಲೆ ಪರದಾಡುವುದು ಬೇಡ.

ಇಲ್ಲಿಂದ ಒಪ್ಪಿಗೆಯ ದಾರಿಗೆ ಹೊರಳುವುದು ಯಾವಾಗಲೂ ಸಾಧ್ಯ. ಕೋರ್ಟೇ ಇಂಥ ಕೇಸುಗಳನ್ನು ಬೆಂಗಳೂರು ಮಧ್ಯಸ್ಥಿಕೆ ಕೇಂದ್ರಕ್ಕೆ ಕಳಿಸುತ್ತದೆ. 2007ರಲ್ಲಿ ಶುರುವಾದ ಕೇಂದ್ರ ಅದು. ಮಧ್ಯಸ್ಥಗಾರರು ತೀರ್ಪು ಕೊಡುವುದಿಲ್ಲ, ಇಬ್ಬರನ್ನೂ ಕೂರಿಸಿ ಮಾತಾಡಿಸುತ್ತಾರೆ. ಅಲ್ಲಿ ಆಡಿದ ಮಾತು ಗುಟ್ಟಾಗಿ ಉಳಿಯುತ್ತದೆ. ಒಪ್ಪಂದ ಆದರೆ ಅದನ್ನೇ ಬರೆದು ಕೋರ್ಟಿಗೆ ಕೊಡುತ್ತಾರೆ. ಹಾಗಾಗಿ ಜಗಳ ಎಷ್ಟೇ ಇದ್ದರೂ ಮೊದಲ ಅರ್ಜಿಯಲ್ಲಿ ಇಲ್ಲದ ಸಲ್ಲದ ಆರೋಪ ತುಂಬಬೇಡಿ ಅಂತ ಕೈಮುಗಿದು ಕೇಳುತ್ತೇನೆ. ಅತ್ತೆ ಮಾವ, ನಾದಿನಿ ಎಲ್ಲರನ್ನೂ ಎಳೆದು ಬರೆಸಿದ ಅರ್ಜಿ ಮುಂದೆ ರಾಜಿಗೆ ದೊಡ್ಡ ಅಡ್ಡಿ ಆಗುತ್ತದೆ. ಮಕ್ಕಳೂ ಒಂದಿನ ಅದನ್ನು ಓದಬಹುದು.

ನ್ಯಾಯಿಕ ಪ್ರತ್ಯೇಕ ವಾಸ, ಸೆಕ್ಷನ್ 10. ಮದುವೆ ಉಳಿಯುತ್ತದೆ, ಒಟ್ಟಿಗೆ ಬಾಳುವ ಹೊಣೆ ಇರುವುದಿಲ್ಲ. ಇನ್ನೊಂದು ಮದುವೆ ಆಗುವಂತಿಲ್ಲ. ಮನಸ್ಸು ಪೂರ್ತಿ ಗಟ್ಟಿಯಾಗದವರಿಗೆ, ಡಿವೋರ್ಸ್ ಬೇಡ ಅನ್ನುವ ನಂಬಿಕೆ ಇರುವವರಿಗೆ ಇದು ಸರಿ. ಆದರೆ ಕಾರಣಗಳು, ಸಾಕ್ಷಿಗಳು ಡಿವೋರ್ಸಿಗೆ ಬೇಕಾದವೇ. ಡಿಕ್ರಿ ಆಗಿ ಒಂದು ವರ್ಷ ಮತ್ತೆ ಕೂಡಿ ಬಾಳದಿದ್ದರೆ ಅದನ್ನೇ ಹಿಡಿದು ಡಿವೋರ್ಸ್ ಕೇಳಬಹುದು. ಕೊನೆಗೆ ಡಿವೋರ್ಸೇ ಬೇಕು ಅಂತ ಗೊತ್ತಿರುವವರು ಈ ದಾರಿ ಹಿಡಿದರೆ ಖರ್ಚು ಎರಡು ಸಲ.

ಮದುವೆಯನ್ನೇ ರದ್ದು ಮಾಡಿಸುವುದು, ಸೆಕ್ಷನ್ 11 ಮತ್ತು 12. ಸಂಗಾತಿಗೆ ಮೊದಲೇ ಮದುವೆ ಆಗಿ ಅದು ಊರ್ಜಿತದಲ್ಲಿತ್ತು, ಮೋಸದಿಂದ ಒಪ್ಪಿಗೆ ಪಡೆದಿದ್ದರು, ಇಂಥ ಸಂದರ್ಭಕ್ಕೆ ಮಾತ್ರ. ಮೋಸ ಗೊತ್ತಾದ ಒಂದು ವರ್ಷದೊಳಗೆ ಅರ್ಜಿ ಹಾಕಬೇಕು, ಗೊತ್ತಾದ ಮೇಲೂ ಒಟ್ಟಿಗೆ ಬಾಳಿದ್ದರೆ ಆಗುವುದಿಲ್ಲ. ಮದುವೆಯಾಗಿ ಒಂದು ವರ್ಷ ತುಂಬುವ ಮೊದಲು ಡಿವೋರ್ಸ್ ಅರ್ಜಿ ಸಾಮಾನ್ಯವಾಗಿ ಹಾಕುವಂತಿಲ್ಲ. ರದ್ದತಿಗೆ ಆ ತಡೆ ಇಲ್ಲ.

ಒಪ್ಪಂದದ ಕಾಗದ: ಇದಕ್ಕೇ ಜಾಸ್ತಿ ಸಮಯ ಕೊಡಿ

ಒಪ್ಪಿಗೆಯ ಡಿವೋರ್ಸಿನಲ್ಲಿ ಅರ್ಜಿ ಸುಲಭ. ಬದುಕು ನಿಂತಿರುವುದು ಅದರ ಜೊತೆಗಿನ ಒಪ್ಪಂದದ ಮೇಲೆ. ಹಣ ಎಷ್ಟು, ಒಂದೇ ಗಂಟಾಗಿಯಾ ಕಂತಿನಲ್ಲಾ, ಯಾವ ದಿನ. ಒಂದೇ ಗಂಟು ತಗೊಂಡರೆ ಮುಂದೆ ಬೆನ್ನು ಹತ್ತುವ ಕೆಲಸ ಇಲ್ಲ, ಆದರೆ ಬೆಲೆ ಏರಿದಂತೆ ಹೆಚ್ಚಿಸಿ ಕೇಳುವುದು ಕಷ್ಟ. ತಿಂಗಳು ತಿಂಗಳು ಅಂದರೆ ಕೊಡುವವರಿಗೆ ಹಗುರ, ಪಡೆಯುವವರಿಗೆ ನಿಂತುಹೋಗುವ ಚಿಂತೆ. ಒಂದು ಭಾಗ ಅರ್ಜಿ ಹಾಕುವಾಗ, ಉಳಿದದ್ದು ಕೊನೆಯ ದಿನ ಕೋರ್ಟಿನಲ್ಲೇ ಡಿಡಿ ಮೂಲಕ ಅಂತ ಬರೆಸಿದರೆ ಇಬ್ಬರಿಗೂ ಧೈರ್ಯ.

ಮಕ್ಕಳ ವಿಷಯ "ತಾಯಿ ಹತ್ತಿರ ಇರತಕ್ಕದ್ದು, ತಂದೆ ನೋಡಬಹುದು" ಅಂತ ಒಂದು ಸಾಲಿನಲ್ಲಿ ಮುಗಿಸಬೇಡಿ. ಯಾವ ವಾರಾಂತ್ಯ, ದಸರಾ ರಜೆ ಯಾರ ಹತ್ತಿರ, ಬೇಸಿಗೆ ರಜೆ ಹೇಗೆ ಹಂಚಿಕೆ, ಪಾಸ್‌ಪೋರ್ಟಿಗೆ ಇಬ್ಬರೂ ಸಹಿ ಮಾಡುತ್ತಾರಾ, ಒಬ್ಬರಿಗೆ ಹೊರದೇಶದಲ್ಲಿ ಕೆಲಸ ಸಿಕ್ಕರೆ ಏನು, ಎಲ್ಲ ಬರೆಸಿ. ಸ್ಕೂಲ್ ಫೀಸಿಗೆ ಇಂತಿಷ್ಟು ರೂಪಾಯಿ ಅಂತ ಬರೆಸುವ ಬದಲು ಇಂತಿಷ್ಟು ಪಾಲು ಅಂತ ಬರೆಸಿ. ಬೆಂಗಳೂರಿನಲ್ಲಿ ಫೀಸು ಏರುವುದು ಗೊತ್ತೇ ಇದೆಯಲ್ಲ. ಮಕ್ಕಳ ಹಿತಕ್ಕೆ ಬೇಕಾದರೆ ಕೋರ್ಟ್ ಮುಂದೆ ಇದನ್ನು ಬದಲಿಸಬಹುದು ಅನ್ನುವುದೂ ನೆನಪಿರಲಿ.

ಇನ್ನು ಫ್ಲ್ಯಾಟ್. ಇಬ್ಬರ ಹೆಸರಲ್ಲಿ ಮನೆ, ಇಬ್ಬರ ಹೆಸರಲ್ಲಿ ಹೋಮ್ ಲೋನ್. "ಸಾಲ ಇನ್ಮೇಲೆ ಅವರೇ ಕಟ್ಟುತ್ತಾರೆ" ಅಂತ ಒಪ್ಪಂದದಲ್ಲಿ ಬರೆದರೆ ಬ್ಯಾಂಕ್ ಅದಕ್ಕೆ ಬದ್ಧ ಅಲ್ಲ. ಅವರು ಕಟ್ಟದಿದ್ದರೆ ನಿಮ್ಮ ಸಿಬಿಲ್ ಸ್ಕೋರ್ ಕೂಡ ಬೀಳುತ್ತದೆ. ನಿಮ್ಮ ಹೆಸರು ತೆಗೆಸಲು ಬ್ಯಾಂಕಿನ ಒಪ್ಪಿಗೆ ಬರಹದಲ್ಲಿ ಬೇಕು, ಇಲ್ಲವೇ ಮನೆ ಮಾರಿ ಸಾಲ ತೀರಿಸಬೇಕು. ಪಾಲು ಬಿಟ್ಟುಕೊಡುವುದಾದರೆ ಅದನ್ನು ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಿ ನೋಂದಣಿ ಮಾಡಿಸಿ, ಖಾತಾ ಬದಲಾಯಿಸಿಕೊಳ್ಳಬೇಕು. ಕರ್ನಾಟಕದಲ್ಲಿ ಗಂಡ ಹೆಂಡತಿ ನಡುವಿನ ದಾನಪತ್ರಕ್ಕೆ ಮುದ್ರಾಂಕ ಶುಲ್ಕ ಸಣ್ಣ ನಿಗದಿತ ಮೊತ್ತ. ಡಿಕ್ರಿ ಆದ ಮರುದಿನ ನೀವು ಗಂಡ ಹೆಂಡತಿ ಅಲ್ಲ, ಆ ರಿಯಾಯಿತಿಯೂ ಇಲ್ಲ. ಹಾಗಂತ ಮೊದಲೇ ಬರೆದುಕೊಟ್ಟರೆ, ಅವರು ಆಮೇಲೆ ಒಪ್ಪಿಗೆ ಹಿಂತೆಗೆದರೆ ಏನು ಗತಿ? ಡಿಕ್ರಿಯ ಮೊದಲೇ, ಆದರೆ ಕೊನೆಯ ದಿನಾಂಕಕ್ಕೆ ಆದಷ್ಟು ಹತ್ತಿರ ನೋಂದಣಿ ಇಟ್ಟುಕೊಳ್ಳುವುದು ನನಗೆ ಸರಿ ಕಾಣುತ್ತದೆ.

ಸ್ತ್ರೀಧನ, ಒಡವೆ, ಬೀರುವಿನ ವಸ್ತುಗಳ ಪಟ್ಟಿ ಮಾಡಿ, ಕೊಟ್ಟಿದ್ದಕ್ಕೆ ಸಹಿ ಹಾಕಿಸಿ. ಪೊಲೀಸ್ ಕೇಸು ಇದ್ದರೆ ಅದನ್ನು ಹೇಗೆ ಮುಗಿಸುವುದು ಅಂತ ಬರೆಸಿ. ವರದಕ್ಷಿಣೆ ಕಿರುಕುಳದಂಥ ಕೇಸನ್ನು ದೂರು ಕೊಟ್ಟವರು ಸುಮ್ನೆ ವಾಪಸ್ ತಗೊಳ್ಳಲು ಆಗುವುದಿಲ್ಲ, ರದ್ದು ಮಾಡಿಸಲು ಹೈಕೋರ್ಟಿಗೆ ಹೋಗಬೇಕು.

ಬರೆಸುವುದು ಯಾರಿಂದ

ಸ್ವಂತ ಬರೆದುಕೊಂಡು ಹೋಗಬಹುದಾ? ಹೋಗಬಹುದು. 1984ರ ಕೌಟುಂಬಿಕ ನ್ಯಾಯಾಲಯಗಳ ಕಾಯ್ದೆ ವಕೀಲರು ಇರಲೇಬೇಕು ಅನ್ನುವುದಿಲ್ಲ. ಮಕ್ಕಳಿಲ್ಲ, ಜಂಟಿ ಆಸ್ತಿ ಇಲ್ಲ, ಇಬ್ಬರೂ ದುಡಿಯುತ್ತೀರಿ, ಯಾರೂ ಯಾರಿಗೂ ಹಣ ಕೊಡಬೇಕಿಲ್ಲ ಅಂದರೆ ಆಗುತ್ತದೆ. ಆದರೆ ಕಚೇರಿಯವರು ಆಕ್ಷೇಪ ಹಾಕಿದಾಗ ಸರಿಪಡಿಸಲು ನೀವೇ ಓಡಾಡಬೇಕು.

ಕೋರ್ಟಿನ ಸುತ್ತಮುತ್ತ ಟೈಪ್ ಮಾಡಿಕೊಡುವವರು, ಆನ್‌ಲೈನಿನಲ್ಲಿ ಒಂದು ಬೆಲೆಗೆ ಪ್ಯಾಕೇಜ್ ಕೊಡುವವರು ಅಗ್ಗ. ಅಚ್ಚು ಹಾಕಿದ ಮಾದರಿಯಲ್ಲಿ ಹೆಸರು ತುಂಬುತ್ತಾರೆ. ಅಫಿಡವಿಟ್‌ಗೆ, ಛಾಪಾ ಕಾಗದಕ್ಕೆ ಸರಿ. ಮಕ್ಕಳು, ಮನೆ ಇರುವ ಒಪ್ಪಂದಕ್ಕೆ ನಾನು ಇದನ್ನು ಬೇಡ ಅನ್ನುತ್ತೇನೆ. ಪ್ಯಾಕೇಜ್ ತಗೊಳ್ಳುವುದೇ ಆದರೆ ಕೋರ್ಟಿಗೆ ಬಂದು ನಿಲ್ಲುವ ವಕೀಲರು ಯಾರು, ಅವರ ಜೊತೆ ನೇರ ಮಾತಾಡಬಹುದಾ ಅಂತ ಮೊದಲೇ ಕೇಳಿ.

ಇಬ್ಬರಿಗೂ ಸೇರಿ ಒಬ್ಬರೇ ವಕೀಲರು: ಒಪ್ಪಿಗೆಯ ಕೇಸಿನಲ್ಲಿ ಸಾಮಾನ್ಯ, ಖರ್ಚು ಅರ್ಧ. ಆದರೆ ಒಬ್ಬರು ಜಾಸ್ತಿ ದುಡಿಯುವವರು, ಇನ್ನೊಬ್ಬರು ಕೆಲಸ ಬಿಟ್ಟು ಮಕ್ಕಳನ್ನು ನೋಡಿಕೊಂಡವರು ಆಗಿದ್ದರೆ ಆ ವಕೀಲರನ್ನು ಕರೆತಂದವರು ಯಾರು ಅನ್ನುವುದು ಲೆಕ್ಕಕ್ಕೆ ಬರುತ್ತದೆ. ಅಂಥವರಿಗೆ ಒಂದು ನಡುದಾರಿ ಇದೆ. ಅರ್ಜಿ ಒಬ್ಬರೇ ವಕೀಲರಿಂದ ಹೋಗಲಿ, ಸಹಿಗೆ ಮೊದಲು ಒಪ್ಪಂದವನ್ನು ಇನ್ನೊಬ್ಬ ವಕೀಲರಿಗೆ ಒಂದು ಸಲದ ಫೀಸ್ ಕೊಟ್ಟು ಓದಿಸಿ. ಇಷ್ಟು ಕಡಿಮೆ ಹಣಕ್ಕೆ ಇಷ್ಟು ದೊಡ್ಡ ರಕ್ಷಣೆ ಬೇರೆಲ್ಲೂ ಸಿಗುವುದಿಲ್ಲ. ವಿರೋಧದ ಕೇಸಿಗೆ ಮಾತ್ರ ನಿಮ್ಮದೇ ವಕೀಲರು ಬೇಕು. ಒಟ್ಟು ಫೀಸಾ, ದಿನಾಂಕಕ್ಕೆ ಇಷ್ಟಾ ಅಂತ ಬರಹದಲ್ಲಿ ಕೇಳಿ.

ಹಣ ಇಲ್ಲ ಅಂತ ಹಿಂಜರಿಯುವವರಿಗೆ: ಹೆಣ್ಣುಮಕ್ಕಳಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಆದಾಯ ಎಷ್ಟೇ ಇದ್ದರೂ ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತ ವಕೀಲರು ಸಿಗುತ್ತಾರೆ, ಇದು 1987ರ ಕಾಯ್ದೆಯ ಹಕ್ಕು. ಬೇರೆಯವರಲ್ಲಿ ಹೆಚ್ಚಿನವರಿಗೆ ಆದಾಯದ ಮಿತಿ ಇದೆ. 15100ಕ್ಕೆ ಫೋನ್ ಮಾಡಿ. ವಕೀಲರನ್ನು ನೀವೇ ಆರಿಸಿಕೊಳ್ಳುವ ಅವಕಾಶ ಕಡಿಮೆ, ಅಷ್ಟೇ.

ಒಬ್ಬರು ಹೊರದೇಶದಲ್ಲಿದ್ದರೆ ತಂದೆಗೋ ಅಣ್ಣನಿಗೋ ಪವರ್ ಆಫ್ ಅಟಾರ್ನಿ ಕೊಡುವುದುಂಟು. ಅದನ್ನು ಅಲ್ಲಿನ ಭಾರತೀಯ ದೂತಾವಾಸದಲ್ಲಿ ದೃಢೀಕರಿಸಿ, ಇಲ್ಲಿಗೆ ತಲುಪಿದ ಮೂರು ತಿಂಗಳೊಳಗೆ ಮುದ್ರಾಂಕ ಶುಲ್ಕ ಕಟ್ಟಬೇಕು. ಒಪ್ಪಿಗೆ ಹೇಳುವ ದಿನ ವಿಡಿಯೋ ಮೂಲಕ ಹಾಜರಾಗಲು ಕೋರ್ಟಿನ ಅನುಮತಿ ಕೇಳಬಹುದು.

ಅರ್ಜಿ ದಾಖಲಾದಾಗ ಎಂ.ಸಿ. ನಂಬರ್ (ವೈವಾಹಿಕ ಕೇಸಿನ ಸಂಖ್ಯೆ) ಜೊತೆ 16 ಅಂಕಿ ಅಕ್ಷರಗಳ ಸಿಎನ್‌ಆರ್ ನಂಬರ್ ಕೂಡ ಬರುತ್ತದೆ. ಅದನ್ನು ಇಟ್ಟುಕೊಂಡರೆ ಇ-ಕೋರ್ಟ್ಸ್ ಆ್ಯಪಿನಲ್ಲಿ ಮುಂದಿನ ದಿನಾಂಕ ನೀವೇ ನೋಡಬಹುದು. ಡಿಕ್ರಿ ಆದ ಮೇಲೆ ದೃಢೀಕೃತ ಪ್ರತಿಗೆ ಅರ್ಜಿ ಹಾಕಿ, ಒಂದಕ್ಕಿಂತ ಹೆಚ್ಚು ತಗೊಳ್ಳಿ. ಹೆಸರು, ಮದುವೆಯ ದಿನಾಂಕ ಸರಿ ಇದೆಯಾ ಅಂತ ಅಲ್ಲೇ ನೋಡಿ. ವಿರೋಧದ ಕೇಸಾಗಿದ್ದರೆ ಅಪೀಲಿನ ಅವಧಿ ಮುಗಿಯುವವರೆಗೆ ಮರುಮದುವೆ ಆಗುವಂತಿಲ್ಲ. ಪಿಎಫ್, ಇನ್ಶೂರೆನ್ಸ್, ಬ್ಯಾಂಕ್ ಖಾತೆಗಳ ನಾಮಿನಿ ಹೆಸರು ಡಿಕ್ರಿ ಬಂತು ಅಂತ ತಾನಾಗೇ ಬದಲಾಗುವುದಿಲ್ಲ, ಒಂದೊಂದಕ್ಕೂ ನೀವೇ ಅರ್ಜಿ ಕೊಡಬೇಕು.